ಬೆರಳು ಮಡಚಿದರೆ ಸಿಕ್ಕಿಕೊಳ್ಳುತ್ತಿದೆಯೇ? ಟ್ರಿಗರ್ ಫಿಂಗರ್‌ಗೆ ಮನೆಯಿಂದ ಆಸ್ಪತ್ರೆವರೆಗೆ ಏನು ಮಾಡಬೇಕು

ಬೆಳಿಗ್ಗೆ ಎದ್ದಾಗ ಉಂಗುರದ ಬೆರಳೋ ಹೆಬ್ಬೆರಳೋ ಮಡಚಿದ ಹಾಗೇ ನಿಂತಿರುತ್ತದೆ. ಬಿಡಿಸಲು ಹೋದರೆ ಸ್ವಲ್ಪ ಸತಾಯಿಸಿ ಟಕ್ಕೆಂದು ಬಿಡುತ್ತದೆ, ಅಂಗೈಯಲ್ಲಿ ಚುಳ್ ಎನ್ನುತ್ತದೆ. ಬಿಸಿನೀರಲ್ಲಿ ಕೈಯಾಡಿಸಿ, ಎರಡು ಪಾತ್ರೆ ತೊಳೆಯುವಷ್ಟರಲ್ಲಿ ಸಡಿಲವಾಗುತ್ತದೆ. ಮಧ್ಯಾಹ್ನಕ್ಕೆ ಅದರ ನೆನಪೂ ಇರುವುದಿಲ್ಲ. ಈ ಕಾಯಿಲೆಯನ್ನು ಜನ ತಿಂಗಳುಗಟ್ಟಲೆ ಮುಂದೂಡುವುದು ಇದೇ ಕಾರಣಕ್ಕೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಕೈಗೆ ಬಿಡುವು ಸಿಗುವ ತಿಂಗಳು ಯಾವುದು ಹೇಳಿ? ಅರೇಬಿಕಾ ಕುಯ್ಲು ನವೆಂಬರಿನಲ್ಲಿ ಹಿಡಿದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್. ಅದರ ಬೆನ್ನಿಗೇ ಗಿಡ ಕಸಿ, ಅಂದರೆ ಕಾಫಿ ಗಿಡದ ಬೇಡದ ರೆಂಬೆ ಕತ್ತರಿಸುವುದು, ಆಮೇಲೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಮಳೆ ಬಂದರೆ ಕಳೆ, ಚಿಗುರು. "ಈ ಕೆಲಸ ಒಂದು ಮುಗೀಲಿ, ಆಮೇಲೆ ನೋಡೋಣ" ಅನ್ನುವುದರಲ್ಲೇ ವರ್ಷ ಕಳೆಯುತ್ತದೆ.

ಮೊದಲ ಕೆಲವು ವಾರಗಳಲ್ಲಿ ಹಿಡಿದರೆ ಬಹಳ ಮಂದಿಗೆ ಕಡ್ಡಿ, ಟೇಪು ಮತ್ತು ಸ್ವಲ್ಪ ತಾಳ್ಮೆಯಲ್ಲಿ ವಾಸಿಯಾಗುವ ತೊಂದರೆ ಇದು. ಬಿಟ್ಟರೆ ಬೆರಳಿನ ಗೆಣ್ಣೇ ಬಿಗಿದುಕೊಳ್ಳುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದರೂ ಬೆರಳು ಪೂರ್ತಿ ನೇರವಾಗುತ್ತದೆಂದು ಹೇಳಲು ಬರುವುದಿಲ್ಲ.

ಒಳಗೆ ಏನಾಗಿರುತ್ತದೆ

ಬೆರಳನ್ನು ಮಡಚುವ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮೊಣಕೈ ಕೆಳಗಿನ ಮುಂದೋಳಿನಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟು, ಅಂಗೈ ದಾಟಿ ಬೆರಳಿಗೆ ಬರುತ್ತವೆ. ಬೆರಳು ಮಡಚಿದಾಗ ರಜ್ಜು ಮೂಳೆ ಬಿಟ್ಟು ಮೇಲೇಳದಂತೆ ಅಲ್ಲಲ್ಲಿ ಗಟ್ಟಿ ಪಟ್ಟಿಗಳು ಅದನ್ನು ಹಿಡಿದಿಟ್ಟಿರುತ್ತವೆ. ವೈದ್ಯರು ಇವಕ್ಕೆ ಪುಲ್ಲಿ ಎನ್ನುತ್ತಾರೆ. ಅಂಗೈಯಲ್ಲಿ ಬೆರಳು ಶುರುವಾಗುವ ಜಾಗದಲ್ಲಿರುವ ಮೊದಲನೆಯದು ಎ1 ಪುಲ್ಲಿ. ಟ್ರಿಗರ್ ಫಿಂಗರ್‌ನಲ್ಲಿ ಈ ಪಟ್ಟಿ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ, ರಜ್ಜುವಿನ ಮೇಲೂ ಬಟಾಣಿಯಷ್ಟು ಗಂಟು ಕಟ್ಟುತ್ತದೆ. ಲಂಗದ ಸೊಂಟಪಟ್ಟಿಯಲ್ಲಿ ಓಡುವ ಲಾಡಿಗೆ ಗಂಟು ಬಿದ್ದರೆ ಏನಾಗುತ್ತದೋ ಇಲ್ಲೂ ಅದೇ: ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಜಗ್ಗಿದರೆ ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗುವಿಕೆಯೇ ನಿಮಗೆ ಕೇಳಿಸುವ ಟಕ್.

ಹೆಚ್ಚಿನವರು ನೋವು ಬೆರಳಿನ ನಡುಗೆಣ್ಣಿನಲ್ಲಿದೆ ಎಂದು ತೋರಿಸುತ್ತಾರೆ, ಮುಲಾಮನ್ನೂ ಅಲ್ಲಿಗೇ ಹಚ್ಚುತ್ತಾರೆ. ತೊಂದರೆಯ ಮೂಲ ಇರುವುದು ಅದಕ್ಕಿಂತ ಕೆಳಗೆ, ಅಂಗೈಯಲ್ಲಿ. ಫ್ರಾನ್ಸಿನ ವೈದ್ಯ ನೊಟ್ಟಾ 1850ರಷ್ಟು ಹಿಂದೆಯೇ ಈ ಗಂಟನ್ನು ವಿವರಿಸಿದ್ದ.

ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ

ನಲವತ್ತು ದಾಟಿದವರಿಗೆ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುವ ಸಾಧ್ಯತೆ ಸಾಮಾನ್ಯರಲ್ಲಿ ನೂರಕ್ಕೆ 2–3 ಎಂದಾದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ನೂರಕ್ಕೆ 10ರ ಹತ್ತಿರ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ರಜ್ಜು, ಪಟ್ಟಿಗಳಲ್ಲಿರುವ ಕೊಲಾಜೆನ್ ಎಂಬ ನಾರು ಬಿರುಸಾಗಿ ದಪ್ಪವಾಗುತ್ತದೆ. ಅಂಥವರಿಗೆ ಒಂದರ ಹಿಂದೆ ಒಂದು ಬೆರಳು, ಕೆಲವೊಮ್ಮೆ ಎರಡೂ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಥೈರಾಯ್ಡ್ ಕಡಿಮೆ ಇರುವವರು, ಸಂಧಿವಾತ, ಗೌಟ್ ಇರುವವರು, ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್ ತೊಂದರೆಯವರು ಕೂಡ ಈ ಸಾಲಿನಲ್ಲಿದ್ದಾರೆ. ಇನ್ನು ಕೆಲವರಿಗೆ ಯಾವ ಕಾರಣವೂ ಸಿಗುವುದಿಲ್ಲ, ಸುಮ್ಮನೆ ಬರುತ್ತದೆ.

ಹಾಗಾದರೆ ಕೈಕೆಲಸದಿಂದ ಬರುವುದಿಲ್ಲವೇ? ಕೆಲಸವೊಂದೇ ಕಾರಣ ಎಂದು ವೈದ್ಯರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಒಂದೇ ಕಸಿ ಕತ್ತರಿ ಹಿಡಿದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಏನೂ ಆಗದಿರಬಹುದು. ಆದರೆ ದಾರಿ ಕಿರಿದಾಗಲು ಶುರುವಾದ ಬೆರಳಿಗೆ ಬಿಗಿಹಿಡಿತದ ಕೆಲಸ ಬೆಂಕಿಗೆ ತುಪ್ಪ ಸುರಿದಂತೆ. ಕಾರಣ ಸಕ್ಕರೆಯೇ ಇರಲಿ ವಯಸ್ಸೇ ಇರಲಿ, ಹಿಡಿತವನ್ನು ಸಡಿಲಿಸದಿದ್ದರೆ ಔಷಧಿಯ ಗುಣ ಬಹಳ ದಿನ ನಿಲ್ಲದಿರಬಹುದು.

ಮೊದಲ ಹಂತ: ನಿಮ್ಮ ಕೈಯನ್ನು ನೀವೇ ನೋಡಿಕೊಳ್ಳಿ

ಅಂಗೈ ಮೇಲೆ ಮಾಡಿ ಮೇಜಿನ ಮೇಲಿಡಿ. ಬೆರಳುಗಳ ಕೆಳಗೆ ಅಂಗೈ ಅಡ್ಡಕ್ಕೆ ಒಂದು ಗೆರೆ ಓಡಿರುತ್ತದೆ. ಇನ್ನೊಂದು ಕೈಯ ಬೆರಳ ತುದಿಯನ್ನು ಆ ಗೆರೆಯ ಮೇಲೆ, ತೊಂದರೆ ಇರುವ ಬೆರಳಿನ ನೇರಕ್ಕೆ ಇಟ್ಟು ಮೆಲ್ಲಗೆ ಒತ್ತಿ. ಹೆಬ್ಬೆರಳಾದರೆ ಅದು ಅಂಗೈ ಸೇರುವ ಬುಡದ ಗೆರೆಯ ಮೇಲೆ. ಒತ್ತಿಕೊಂಡೇ ಬೆರಳನ್ನು ನಿಧಾನಕ್ಕೆ ಮಡಚಿ ಬಿಡಿಸಿ. ಚರ್ಮದ ಕೆಳಗೆ ಸಣ್ಣ ಗಂಟೊಂದು ಹಿಂದೆ ಮುಂದೆ ಜಾರುವುದು, ಟಕ್ ಎನ್ನುವಾಗ ಬೆರಳಡಿಯಲ್ಲಿ ಚಿಮ್ಮುವುದು ಗೊತ್ತಾದರೆ ಅದು ಬಹುಮಟ್ಟಿಗೆ ಟ್ರಿಗರ್ ಫಿಂಗರೇ.

ಎಷ್ಟು ಮುಂದುವರಿದಿದೆ ಎಂಬುದನ್ನು ವೈದ್ಯರು ನಾಲ್ಕು ದರ್ಜೆಯಲ್ಲಿ ಅಳೆಯುತ್ತಾರೆ. ಮೊದಲನೆಯದರಲ್ಲಿ ಅಂಗೈ ಒತ್ತಿದರೆ ನೋವು, ಆಗೊಮ್ಮೆ ಈಗೊಮ್ಮೆ ಸಿಕ್ಕಿದಂತೆ ಅನಿಸುತ್ತದೆ, ವೈದ್ಯರ ಮುಂದೆ ಮಾತ್ರ ಸಿಕ್ಕುವುದಿಲ್ಲ. ಎರಡನೆಯದರಲ್ಲಿ ಕಣ್ಣಿಗೆ ಕಾಣುವಂತೆ ಸಿಕ್ಕುತ್ತದೆ, ಆದರೆ ಬೆರಳು ತನ್ನ ಬಲದಲ್ಲೇ ಬಿಡಿಸಿಕೊಳ್ಳುತ್ತದೆ. ಮೂರನೆಯದರಲ್ಲಿ ಇನ್ನೊಂದು ಕೈಯಿಂದ ಬಿಡಿಸಬೇಕು, ಇಲ್ಲವೇ ಪೂರ್ತಿ ಮಡಚಲು ಆಗುವುದಿಲ್ಲ. ನಾಲ್ಕನೆಯದರಲ್ಲಿ ಕೈ ಹಾಕಿದರೂ ಬೆರಳು ನೇರವಾಗುವುದಿಲ್ಲ. ಒಂದು, ಎರಡರಲ್ಲಿದ್ದರೆ ಮನೆ ಉಪಚಾರಕ್ಕೆ ಸಮಯ ಇದೆ. ಮೂರಾದರೆ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಿನ ತಿಂಗಳಿಗೆ ಇಡಬೇಡಿ. ನಾಲ್ಕಾದರೆ ಈ ವಾರವೇ ಹೋಗಿ.

ಉಂಗುರ ಇದ್ದರೆ ಇವತ್ತೇ ಸೋಪು ಹಚ್ಚಿ ತೆಗೆದಿಡಿ. ಊದಿಕೊಂಡ ಮೇಲೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿಕೊಳ್ಳಬೇಕಾಗುತ್ತದೆ.

ಇದಲ್ಲದೆ ಬೇರೆ ಏನಾದರೂ ಇರಬಹುದೇ

ಬೆರಳಲ್ಲಿ ಜೋಮು, ಜುಮುಜುಮು ಇದ್ದು ರಾತ್ರಿ ಎಚ್ಚರವಾಗಿ ಕೈ ಕೊಡವಬೇಕಾಗಿದ್ದರೆ ಅದು ಕಾರ್ಪಲ್ ಟನಲ್. ಟ್ರಿಗರ್ ಫಿಂಗರ್ ನರದ ಕಾಯಿಲೆ ಅಲ್ಲ, ಅದೊಂದರಿಂದಲೇ ಮರಗಟ್ಟುವುದಿಲ್ಲ. ನೋವು ಹೆಬ್ಬೆರಳ ಕಡೆಯ ಮಣಿಕಟ್ಟಿನಲ್ಲಿದ್ದು, ಮಗು ಎತ್ತುವಾಗ, ಬಟ್ಟೆ ಹಿಂಡುವಾಗ ಜಾಸ್ತಿಯಾದರೆ ಅದು ಡಿ ಕ್ವೆರ್ವೇನ್ ಎಂಬ ಇನ್ನೊಂದು ರಜ್ಜಿನ ತೊಂದರೆ. ಅಂಗೈ ಚರ್ಮದಡಿ ಹುರಿಯಂಥ ಗಟ್ಟಿ ಗೆರೆ ಎದ್ದು ಬೆರಳು ನಿಧಾನವಾಗಿ ಬಾಗುತ್ತ ಹೋಗಿ, ನೋವೂ ಇಲ್ಲ, ಟಕ್ ಸದ್ದೂ ಇಲ್ಲ ಎಂದಾದರೆ ಅದು ಡುಪ್ಯುಟ್ರೆನ್. ಬೆಳಿಗ್ಗೆ ಎರಡೂ ಕೈಯ ಹಲವು ಗೆಣ್ಣುಗಳು ಒಟ್ಟಿಗೆ ಊದಿ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದರೆ ಸಂಧಿವಾತದ ಪರೀಕ್ಷೆ ಆಗಬೇಕು.

ಒಂದು ಮಾತ್ರ ಕಾಯುವಂಥದ್ದಲ್ಲ. ನಿಂಬೆ, ಕಿತ್ತಳೆ ಗಿಡದ ಮುಳ್ಳೋ ಅಡಿಕೆ ಸೀಳಿನ ಸಿಬಿರೋ ಬೆರಳಿಗೆ ಚುಚ್ಚಿ ಒಂದೆರಡು ದಿನದಲ್ಲಿ ಇಡೀ ಬೆರಳು ಉದ್ದಕ್ಕೂ ಊದಿ, ಕೆಂಪಾಗಿ, ಅರ್ಧ ಮಡಚಿದ ಸ್ಥಿತಿಯಲ್ಲೇ ನಿಂತು, ತುಸು ನೇರ ಮಾಡಲು ಹೋದರೂ ಪ್ರಾಣ ಹೋಗುವಷ್ಟು ನೋವಾದರೆ ರಜ್ಜು ಓಡಾಡುವ ಕೊಳವೆಯೊಳಗೆ ಕೀವು ಸೇರುತ್ತಿದೆ ಎಂದರ್ಥ. ಜ್ವರ ಬರಲಿ, ಬಾರದಿರಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಂತೂ ರಾತ್ರಿಯಾದರೂ ಹೊರಡಿ. ತಡವಾದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವ ಇದೆ.

ಎರಡನೇ ಹಂತ: ಹಿಡಿತ ಬದಲಿಸಿ

ಕೆಲಸ ಬಿಡಿ ಎಂದು ಹೇಳುವುದು ಸುಲಭ. ದಿನಗೂಲಿಗೆ ಹೋಗುವವರಿಗೆ ಆ ಮಾತು ಹೇಳಿ ಪ್ರಯೋಜನವಿಲ್ಲ. ಬದಲಿಸಬಹುದಾದದ್ದು ಹಿಡಿಯುವ ರೀತಿ.

ಕಸಿ ಕತ್ತರಿಯನ್ನು ಒಮ್ಮೆ ಗಮನಿಸಿ. ಹಿಡಿ ಗಿಡ್ಡವಾಗಿದ್ದರೆ ಅದರ ಕೊನೆ ನಿಮ್ಮ ಅಂಗೈ ಮಧ್ಯದಲ್ಲಿ ನಿಲ್ಲುತ್ತದೆ. ಪ್ರತಿ ಸಲ ಒತ್ತಿದಾಗಲೂ ಆ ತುದಿ ಉಂಗುರದ ಬೆರಳಿನ ಬುಡವನ್ನೇ, ಅಂದರೆ ಎ1 ಪುಲ್ಲಿಯನ್ನೇ, ಕುಟ್ಟುತ್ತದೆ. ಅಂಗೈ ದಾಟಿ ಹೊರಬರುವಷ್ಟು ಉದ್ದ ಹಿಡಿಯ ಕತ್ತರಿ ತೆಗೆದುಕೊಳ್ಳಿ. ಆಗದಿದ್ದರೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಹಿಡಿಗೆ ಎರಡು ಸುತ್ತು ತೊಡಿಸಿ. ಹಿಡಿ ದಪ್ಪವಾದಷ್ಟೂ ಬೆರಳು ಕಡಿಮೆ ಮಡಚುತ್ತದೆ, ಒತ್ತಡವೂ ಹರಡಿಕೊಳ್ಳುತ್ತದೆ. ಮೊಂಡು ಕತ್ತರಿಗೆ ಎರಡರಷ್ಟು ಬಲ ಬೇಕು, ಆಗಾಗ ಸಾಣೆ ಹಿಡಿಸಿ, ಸ್ಪ್ರಿಂಗಿಗೆ ಎಣ್ಣೆ ಬಿಡಿ. ದಪ್ಪ ರೆಂಬೆಯನ್ನು ಕತ್ತರಿಯಲ್ಲಿ ಜಗಿಯುವ ಬದಲು ಗರಗಸದಲ್ಲಿ ಕೊಯ್ಯಿರಿ. ತೋಟದ ಮಾಲೀಕರಿಗೊಂದು ಮಾತು: ನಾಲ್ಕು ಒಳ್ಳೆಯ ಕತ್ತರಿಗೆ ಆಗುವ ಖರ್ಚು, ಕಸಿ ಗೊತ್ತಿರುವ ಒಬ್ಬ ಆಳು ತಿಂಗಳು ಮನೆಯಲ್ಲಿ ಕೂತರೆ ಆಗುವ ನಷ್ಟಕ್ಕಿಂತ ಕಡಿಮೆ.

ಕಳೆ ಹೊಡೆಯುವ ಮೆಷಿನ್‌ನಲ್ಲಿ ತೋರುಬೆರಳು ಇಡೀ ದಿನ ಆಕ್ಸಿಲರೇಟರ್ ಒತ್ತಿಕೊಂಡೇ ಇರುತ್ತದೆ, ಜೊತೆಗೆ ನಡುಕ ಬೇರೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬೆರಳುಗಳನ್ನು ಪೂರ್ತಿ ಚಾಚಿ. ದಪ್ಪ ಕೈಗವಸು ಹಾಕಿಕೊಳ್ಳಿ.

ಹಸು ಸಾಕಿದ ಮನೆಗಳಲ್ಲಿ ಹೆಬ್ಬೆರಳೇ ಹೆಚ್ಚು ಕೆಡುತ್ತದೆ. ಹೆಬ್ಬೆರಳನ್ನು ಒಳಕ್ಕೆ ಮಡಚಿ ಅದರ ಗೆಣ್ಣಿನ ಮೇಲೆ ಮೊಲೆತೊಟ್ಟು ಒತ್ತಿ ಕರೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಹಸುವಿನ ತೊಟ್ಟಿಗೂ ಅದು ಒಳ್ಳೆಯದಲ್ಲ, ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ ಎಂದು ಪಶುವೈದ್ಯರು ಹೇಳುತ್ತಲೇ ಇರುತ್ತಾರೆ. ಹೆಬ್ಬೆರಳನ್ನು ಹೊರಗಿಟ್ಟು ಇಡೀ ಮುಷ್ಟಿಯಲ್ಲಿ ಹಿಡಿದು ಮೇಲಿನ ಬೆರಳಿಂದ ಕೆಳಕ್ಕೆ ಒಂದೊಂದಾಗಿ ಒತ್ತುತ್ತ ಬನ್ನಿ. ಮೊದಲ ವಾರ ಹಾಲು ಇಳಿಯುವುದು ನಿಧಾನ, ಹಸುವೂ ಒಂದೆರಡು ಸಲ ಒದೆಯಬಹುದು, ಆಮೇಲೆ ಅದಕ್ಕೂ ರೂಢಿಯಾಗುತ್ತದೆ. ಉಂಗುರದ ಬೆರಳಿನಲ್ಲೇ ತೊಂದರೆ ಇದ್ದರೆ ಸ್ವಲ್ಪ ದಿನ ಮನೆಯಲ್ಲಿ ಬೇರೆಯವರು ಕರೆಯಲಿ.

ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಹಿಂಡುವುದು, ಒತ್ತುಶ್ಯಾವಿಗೆ ಒತ್ತುವುದು, ಚಕ್ಕುಲಿ ಒರಳು ತಿರುಗಿಸುವುದು, ತೆಂಗಿನಕಾಯಿ ತುರಿಯುವುದು ಇವೆಲ್ಲ ಬಿಗಿಮುಷ್ಟಿಯ ಕೆಲಸಗಳೇ. ಬಟ್ಟೆಯನ್ನು ಹಿಂಡದೆ ನಲ್ಲಿಗೋ ಕಂಬಿಗೋ ಹಾಕಿ ನೀರು ಇಳಿಸಿ. ಬಕೆಟ್, ತರಕಾರಿ ಚೀಲ ಬೆರಳಿಗೆ ನೇತುಹಾಕಬೇಡಿ, ಮುಂದೋಳಿನ ಮೇಲೆ ಹೊರಿ. ಅಕ್ಕಿರೊಟ್ಟಿ ತಟ್ಟುವುದಕ್ಕೆ ಏನೂ ಅಡ್ಡಿಯಿಲ್ಲ, ಅಲ್ಲಿ ಬೆರಳು ಚಾಚಿಯೇ ಇರುತ್ತದೆ.

ಮೂರನೇ ಹಂತ: ಬೆರಳಿಗೆ ಕಡ್ಡಿ ಕಟ್ಟಿ

ಬೆರಳು ಮಡಚದಿದ್ದರೆ ಗಂಟು ಪಟ್ಟಿಯೊಳಗೆ ತಿಕ್ಕುವುದಿಲ್ಲ, ಊತ ಇಳಿಯಲು ಸಮಯ ಸಿಗುತ್ತದೆ. ಸ್ಪ್ಲಿಂಟ್ ಎನ್ನುವ ಈ ಕಡ್ಡಿಯ ಕೆಲಸ ಅಷ್ಟೇ. ಹಾಸನ, ಚಿಕ್ಕಮಗಳೂರಿನ ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಫೋಮ್ ಹಚ್ಚಿದ ಅಲ್ಯೂಮಿನಿಯಂ ಬೆರಳು ಸ್ಪ್ಲಿಂಟ್ ಸಿಗುತ್ತದೆ. ಅಲ್ಲಿಯವರೆಗೆ ಐಸ್‌ಕ್ರೀಮ್ ಕಡ್ಡಿಯೂ ನಡೆಯುತ್ತದೆ. ತೊಳೆದು ಒಣಗಿಸಿ, ಹತ್ತಿಯ ತೆಳು ಪದರ ಸುತ್ತಿ, ಬೆರಳಿನ ಒಳಬದಿಗೆ ಇಟ್ಟು, ನಡುಗೆಣ್ಣಿನ ಮೇಲೊಂದು ಕೆಳಗೊಂದು ಮೈಕ್ರೋಪೋರ್ ಟೇಪ್ ಹಾಕಿ. ನಡುಗೆಣ್ಣು ನೇರವಾಗಿ ನಿಂತರೆ ಸಾಕು, ಹಿಂದಕ್ಕೆ ಬಾಗುವಷ್ಟು ಎಳೆಯಬಾರದು. ಉಗುರು ಒತ್ತಿ ಬಿಟ್ಟಾಗ ಬಿಳಿ ಹೋಗಿ ಕೂಡಲೇ ಕೆಂಪು ಬರಬೇಕು. ತುದಿ ನೀಲಿಯಾದರೆ, ಜೋಮು ಹಿಡಿದರೆ ಟೇಪ್ ಬಿಗಿಯಾಗಿದೆ, ಬಿಚ್ಚಿ ಕಟ್ಟಿ. ಬೆರಳಿನ ಸ್ಪರ್ಶ ಕಡಿಮೆಯಾಗಿರುವ ಸಕ್ಕರೆ ಕಾಯಿಲೆಯವರು ದಿನಕ್ಕೆರಡು ಸಲ ಬಿಚ್ಚಿ ಚರ್ಮ ನೋಡಿಕೊಳ್ಳಬೇಕು.

ರಾತ್ರಿ ತಪ್ಪದೆ ಕಟ್ಟಿ. ನಿದ್ದೆಯಲ್ಲಿ ನಮಗೆ ಗೊತ್ತಿಲ್ಲದೆ ಮುಷ್ಟಿ ಬಿಗಿಯುತ್ತೇವೆ, ಬೆಳಗಿನ ಬಿಗಿತಕ್ಕೆ ಅದೂ ಒಂದು ಕಾರಣ. ಹಗಲಲ್ಲಿ ಆದಷ್ಟು ಹೊತ್ತು ಇರಲಿ. ಆರು ವಾರವಾದರೂ ಬೇಕು, ಕೆಲವರಿಗೆ ಹತ್ತು ವಾರ. ಎರಡು ದಿನ ಕಟ್ಟಿ "ಏನೂ ಆಗಲಿಲ್ಲ" ಎಂದು ಬಿಸಾಡುವವರೇ ಜಾಸ್ತಿ. ಹೆಬ್ಬೆರಳಿಗೆ ಕಡ್ಡಿ ನಿಲ್ಲುವುದು ಕಷ್ಟ, ಅದಕ್ಕೆ ಅಳತೆ ನೋಡಿ ಮಾಡಿಸುವುದೇ ಸರಿ.

ಬೆಳಿಗ್ಗೆ ಕಡ್ಡಿ ಬಿಚ್ಚಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಐದು–ಹತ್ತು ನಿಮಿಷ ಕೈ ಇಟ್ಟು, ಆಮೇಲೆ ಒಂದು ಸಣ್ಣ ವ್ಯಾಯಾಮ ಮಾಡಿ. ಬೆರಳುಗಳನ್ನು ಪೂರ್ತಿ ಚಾಚಿ. ಅಂಗೈ ಸೇರುವ ಗೆಣ್ಣನ್ನು ಹಾಗೇ ನೇರವಾಗಿಟ್ಟು ಮೇಲಿನ ಎರಡು ಗೆಣ್ಣು ಮಾತ್ರ ಕೊಕ್ಕೆಯಂತೆ ಮಡಚಿ, ಮತ್ತೆ ಚಾಚಿ. ನಿಧಾನವಾಗಿ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಸಿಕ್ಕಿಕೊಳ್ಳುವ ಹಂತಕ್ಕೆ ಒಯ್ಯಬೇಡಿ. ರಬ್ಬರ್ ಚೆಂಡು ಅಮುಕುವ ವ್ಯಾಯಾಮ ಈ ಕಾಯಿಲೆಗೆ ಅಲ್ಲವೇ ಅಲ್ಲ. ಪಾರ್ಶ್ವವಾಯು ಆದವರಿಗೋ ಮೂಳೆ ಮುರಿದು ಕಟ್ಟು ಬಿಚ್ಚಿದವರಿಗೋ ಹೇಳಿದ್ದನ್ನು ಎಲ್ಲ ಕೈನೋವಿಗೂ ಹೇಳುವ ರೂಢಿ ಬಂದುಬಿಟ್ಟಿದೆ. ಇಲ್ಲಿ ಅದು ಕೆಟ್ಟದ್ದನ್ನೇ ಮಾಡುತ್ತದೆ.

ನೀವಿಸುವುದರ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿ ಅಂಗೈಯನ್ನು ಹಗುರಾಗಿ ಸವರಿದರೆ ಹಿತವೆನಿಸುತ್ತದೆ, ತಪ್ಪೇನಿಲ್ಲ. ಆದರೆ ಉಳುಕು ತೆಗೆಯುವವರ ಹತ್ತಿರ ಹೋಗಿ ನೆಟಿಗೆ ಮುರಿದ ಹಾಗೆ ಬೆರಳನ್ನು ಜಗ್ಗಿಸಿಕೊಳ್ಳಬೇಡಿ. ಇಲ್ಲಿ ಉಳುಕೂ ಇಲ್ಲ, ಕೀಲು ತಪ್ಪಿರುವುದೂ ಇಲ್ಲ. ಪ್ರತಿ ಜಗ್ಗಿಗೂ ಗಂಟು ಪಟ್ಟಿಯನ್ನು ತರಚಿಕೊಂಡು ಹೋಗುತ್ತದೆ, ಊತ ಇನ್ನಷ್ಟಾಗುತ್ತದೆ. ನೀವೇ ದಿನಕ್ಕೆ ಇಪ್ಪತ್ತು ಸಲ "ಈಗಲೂ ಸಿಕ್ಕುತ್ತದೆಯೇ" ಎಂದು ಪರೀಕ್ಷೆ ಮಾಡುವುದೂ ಅದೇ ಜಾತಿಯದು.

ನೋವಿನ ಮಾತ್ರೆ ನೋವನ್ನಷ್ಟೇ ಇಳಿಸುತ್ತದೆ, ಸಿಕ್ಕನ್ನು ಬಿಡಿಸುವುದಿಲ್ಲ. ಡೈಕ್ಲೋಫೆನಾಕ್ ಜೆಲ್ ಹಚ್ಚುವುದಾದರೆ ಅಂಗೈಯಲ್ಲಿ ಆ ಬೆರಳಿನ ಬುಡಕ್ಕೆ ಹಚ್ಚಿ. ಅಲ್ಸರ್, ಕಿಡ್ನಿ ತೊಂದರೆ, ಬಿಪಿ, ಹೃದ್ರೋಗ ಇರುವವರು, ಗರ್ಭಿಣಿಯರು ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗಬಾರದು.

ನಾಲ್ಕನೇ ಹಂತ: ಶುಗರ್ ನೋಡಿಸಿ, ಡಾಕ್ಟರಿಗೆ ತೋರಿಸಿ

ಶುಗರ್ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಬೆರಳು ಸಿಕ್ಕಿಕೊಳ್ಳುವುದು ಒಂದು ಒಳ್ಳೆಯ ನೆಪ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲಿದ್ದರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ, ಖಚಿತಪಡಿಸಿಕೊಳ್ಳಲು ಇನ್ನೊಮ್ಮೆ ನೋಡುತ್ತಾರೆ. ಸುಸ್ತು, ಮೈ ಊತ, ತೂಕ ಏರಿಕೆಯೂ ಇದ್ದರೆ ಥೈರಾಯ್ಡ್ ಪರೀಕ್ಷೆ ಬರೆಸಿಕೊಳ್ಳಿ.

ತೋರಿಸಬೇಕಾದ್ದು ಮೂಳೆ ಡಾಕ್ಟರಿಗೆ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ಮೂಳೆ ವಿಭಾಗವಿದೆ. ಸಕಲೇಶಪುರ, ಮೂಡಿಗೆರೆ, ಬೇಲೂರು, ಕೊಪ್ಪದ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ತಜ್ಞರು ಸಿಗುವ ದಿನ ಕೇಳಿಕೊಂಡು ಹೋದರೆ ಬಸ್ ಖರ್ಚು ಉಳಿಯುತ್ತದೆ. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಕೈಯಲ್ಲಿರಲಿ, ಯಾವುದಕ್ಕೆ ಸೌಲಭ್ಯ ಇದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ.

ಕೋಣೆಯೊಳಗೆ ಆಗುವ ಮಾತು ಸಾಮಾನ್ಯವಾಗಿ ಹೀಗೆ:

"ಎಷ್ಟು ದಿನದಿಂದ ಅಮ್ಮಾ?"

"ಗೌರಿ ಹಬ್ಬಕ್ಕೆ ಮುಂಚಿಂದ ಸಾರ್. ಕುಯ್ಲು ಮುಗೀಲಿ ಅಂತ ಬಿಟ್ಟಿದ್ದೆ."

"ಶುಗರ್ ಇದ್ಯಾ?"

"ಇರ್ಬೋದು ಸಾರ್, ನೋಡ್ಸಿಲ್ಲ."

ಈ ಎರಡು ಪ್ರಶ್ನೆಗೆ ನಿಮ್ಮ ಬಳಿ ಸರಿಯಾದ ಉತ್ತರ ಇದ್ದರೆ ಅರ್ಧ ಕೆಲಸ ಆದಂತೆ. ಯಾವ ಬೆರಳು, ಯಾವಾಗಿನಿಂದ, ತಾನೇ ಬಿಡುತ್ತದೋ ಕೈ ಹಾಕಬೇಕೋ, ಮೊದಲು ಇಂಜೆಕ್ಷನ್ ಆಗಿದೆಯೋ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರೋ ಎಂಬುದನ್ನೂ ಹೇಳಿ. ರೋಗ ಗುರುತಿಸುವುದು ಕೈಯಿಂದ ಮುಟ್ಟಿಯೇ. ಪೆಟ್ಟು ಬಿದ್ದಿದ್ದರೆ, ಸಂಧಿವಾತದ ಅನುಮಾನ ಇದ್ದರೆ ಎಕ್ಸ್‌ರೇ ಬೇಕಾಗಬಹುದು. ಬರೀ ಟ್ರಿಗರ್ ಫಿಂಗರ್‌ಗೆ ಎಂಆರ್‌ಐವರೆಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಬರೆದುಕೊಟ್ಟರೆ ಯಾಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಐದನೇ ಹಂತ: ಇಂಜೆಕ್ಷನ್

ಸ್ಟಿರಾಯ್ಡ್ ಎಂಬ ಹೆಸರು ಕೇಳಿದರೇ ನಮ್ಮ ಜನ ಹಿಂದೆ ಸರಿಯುತ್ತಾರೆ. ತಿಂಗಳುಗಟ್ಟಲೆ ನುಂಗುವ ಸ್ಟಿರಾಯ್ಡ್ ಮಾತ್ರೆಗೂ ಅಂಗೈಗೆ ಕೊಡುವ ಒಂದು ಚಿಕ್ಕ ಡೋಸಿಗೂ ಬಹಳ ಅಂತರವಿದೆ. ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್ ಪ್ರೆಡ್ನಿಸೊಲೋನ್ ಔಷಧಿಗೆ ಮರಗಟ್ಟಿಸುವ ಲಿಗ್ನೊಕೇನ್ ಬೆರೆಸಿ ರಜ್ಜಿನ ಕೊಳವೆಯ ಬಳಿ ಕೊಡುತ್ತಾರೆ. ಚುಚ್ಚುವಾಗ ನೋಯುತ್ತದೆ, ಅದರಲ್ಲಿ ಸುಳ್ಳು ಹೇಳುವುದು ಬೇಡ, ಅಂಗೈ ಚರ್ಮ ಅಂಥದ್ದು. ಮೊದಲ ಒಂದೆರಡು ದಿನ ನೋವು ಹೆಚ್ಚಾಗಬಹುದು. ಗುಣ ಕಾಣಲು ಕೆಲವು ದಿನದಿಂದ ಎರಡು ಮೂರು ವಾರ ಹಿಡಿಯುತ್ತದೆ. ಮೊದಲು ನೋವು ಇಳಿಯುತ್ತದೆ, ಸಿಕ್ಕಿಕೊಳ್ಳುವುದು ನಿಲ್ಲುವುದು ಆಮೇಲೆ.

ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದೇ ಇಂಜೆಕ್ಷನ್‌ನಲ್ಲಿ ಒಳ್ಳೆಯ ಗುಣ ಕಾಣುತ್ತದೆ. ತೊಂದರೆ ಶುರುವಾಗಿ ಕೆಲವೇ ತಿಂಗಳಾಗಿದ್ದು ಒಂದೇ ಬೆರಳಾಗಿದ್ದರೆ ಫಲ ಚೆನ್ನಾಗಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಆರು ತಿಂಗಳು ದಾಟಿದವರಲ್ಲಿ, ಹಲವು ಬೆರಳಿರುವವರಲ್ಲಿ ಅಷ್ಟಾಗಿ ಇಲ್ಲ. ಮತ್ತೆ ಮರುಕಳಿಸಿದರೆ ಅದೇ ಬೆರಳಿಗೆ ಕೆಲವು ತಿಂಗಳ ನಂತರ ಇನ್ನೊಂದು ಕೊಡಬಹುದು. ಎರಡು, ಬಹಳವೆಂದರೆ ಮೂರು. ಅದಕ್ಕಿಂತ ಮುಂದೆ ಚುಚ್ಚುತ್ತಲೇ ಹೋದರೆ ರಜ್ಜು ಬಲಹೀನವಾಗುವ ಭಯವಿದೆ. ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗುವುದು, ತುಸು ಕುಳಿ ಬೀಳುವುದು ಕೆಲವರಿಗುಂಟು. ಸೋಂಕು, ರಜ್ಜು ಹರಿಯುವುದು ತೀರ ಅಪರೂಪ.

ಸಕ್ಕರೆ ಕಾಯಿಲೆಯವರು ಗಮನಿಸಿ: ಇಂಜೆಕ್ಷನ್ ಆದ ಮರುದಿನದಿಂದ ಕೆಲವು ದಿನ, ಕೆಲವರಿಗೆ ಒಂದು ವಾರದವರೆಗೂ ಶುಗರ್ ಏರುತ್ತದೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ದಿನಾ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನಗಳಲ್ಲಿ ಎಷ್ಟು ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಮದುವೆ, ಹಬ್ಬದೂಟದ ವಾರದಲ್ಲಿ ಈ ಇಂಜೆಕ್ಷನ್ ಇಟ್ಟುಕೊಳ್ಳದಿರುವುದು ಜಾಣತನ.

ಇಂಜೆಕ್ಷನ್‌ಗೆ ಕುಯ್ಲು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಎರಡು ಮೂರು ದಿನ ಆ ಕೈಗೆ ವಿಶ್ರಾಂತಿ ಕೊಟ್ಟು ಹಗುರ ಕೆಲಸಕ್ಕೆ ಹೋಗಬಹುದು.

ಆರನೇ ಹಂತ: ಶಸ್ತ್ರಚಿಕಿತ್ಸೆ

ಇಂಜೆಕ್ಷನ್ ಹಿಡಿಯಲಿಲ್ಲ, ಅಥವಾ ಬೆರಳು ಲಾಕ್ ಆಗಿಯೇ ನಿಂತಿದೆ ಎಂದಾದರೆ ದಪ್ಪವಾದ ಆ ಪಟ್ಟಿಯನ್ನು ಸೀಳಿ ದಾರಿ ಅಗಲ ಮಾಡುತ್ತಾರೆ. ರಜ್ಜನ್ನು ಕತ್ತರಿಸುವುದಿಲ್ಲ. ಎ1 ಪುಲ್ಲಿ ಹೋದರೆ ಕೈಬಲಕ್ಕೆ ನಷ್ಟವಿಲ್ಲ, ಹಿಡಿತ ಕಾಯುವ ಮುಖ್ಯ ಪಟ್ಟಿಗಳು ಬೆರಳಿನಲ್ಲಿ ಬೇರೆ ಇವೆ.

ಅಂಗೈಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಂದೂವರೆ ಸೆಂಟಿಮೀಟರಿನಷ್ಟು ಗಾಯ ಮಾಡುತ್ತಾರೆ. ಕೆಲಸ ಹದಿನೈದು ಇಪ್ಪತ್ತು ನಿಮಿಷದ್ದು. ನೀವು ಎಚ್ಚರವಾಗಿಯೇ ಇರುತ್ತೀರಿ. ಪಟ್ಟಿ ಬಿಡಿಸಿದ ಮೇಲೆ ಡಾಕ್ಟರು "ಈಗ ಬೆರಳು ಮಡಚಿ, ಬಿಡಿ" ಎನ್ನುತ್ತಾರೆ. ತಿಂಗಳುಗಟ್ಟಲೆ ಟಕ್ ಎನ್ನುತ್ತಿದ್ದ ಬೆರಳು ಸದ್ದಿಲ್ಲದೆ ಜಾರುವುದು ಆ ಮೇಜಿನ ಮೇಲೇ ಗೊತ್ತಾಗುತ್ತದೆ. ಎಲ್ಲಾದರೂ ಸಿಕ್ಕಿದರೆ ಉಳಿದ ಎಳೆಯನ್ನೂ ಅಲ್ಲೇ ಬಿಡಿಸುತ್ತಾರೆ. ರಕ್ತ ಹರಿಯದಂತೆ ತೋಳಿಗೆ ಪಟ್ಟಿ ಬಿಗಿದಿದ್ದರೆ ಅದರ ಒತ್ತಡವೇ ಕೆಲವರಿಗೆ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಅದೇ ದಿನ ಮನೆಗೆ. ಬೈಕ್ ಓಡಿಸಿಕೊಂಡು ಮಾತ್ರ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ.

ಗಾಯ ಮಾಡದೆ ದಪ್ಪ ಸೂಜಿಯಿಂದಲೇ ಪಟ್ಟಿ ಬಿಡಿಸುವ ವಿಧಾನವೂ ಇದೆ, ಅನುಭವಿ ಕೈ ಬೇಕು. ಹೆಬ್ಬೆರಳಿನಲ್ಲಿ ಸ್ಪರ್ಶದ ನರ ಆ ಪಟ್ಟಿಯ ಮೇಲೆಯೇ ಅಡ್ಡ ಹಾಯುವುದರಿಂದ ಅಲ್ಲಿ ತೆರೆದು ಮಾಡಿಸಿಕೊಳ್ಳುವುದೇ ನಿಶ್ಚಿಂತೆ ಎಂಬುದು ನನ್ನ ಅಭಿಪ್ರಾಯ. ನೂರಕ್ಕೆ 90ಕ್ಕಿಂತ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಿಂದ ಸಿಕ್ಕು ಶಾಶ್ವತವಾಗಿ ಹೋಗುತ್ತದೆ. ಉಳಿದವರಲ್ಲಿ ಗಾಯದ ಸೋಂಕು, ಕಲೆ ನೋವು, ಬಿಗಿತ, ಅಪರೂಪಕ್ಕೆ ನರದ ಪೆಟ್ಟು ಕಂಡುಬರುತ್ತದೆ. ಎಚ್‌ಬಿಎ1ಸಿ ತೀರ ಹೆಚ್ಚಿದ್ದರೆ ಸೋಂಕಿನ ಭಯಕ್ಕೆ ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ, ಅದಕ್ಕೆ ಬೇಸರಪಡಬೇಡಿ.

ಮನೆಗೆ ಬಂದ ಮೇಲೆ ಎರಡು ದಿನ ಕೈಯನ್ನು ಎದೆಗಿಂತ ಮೇಲಿಟ್ಟುಕೊಳ್ಳಿ, ಮಲಗುವಾಗ ದಿಂಬಿನ ಮೇಲಿಡಿ. ಆದರೆ ಬೆರಳನ್ನು ಅಲುಗಾಡಿಸದೆ ಇಡಬೇಡಿ. ಬ್ಯಾಂಡೇಜ್ ಇದ್ದರೂ ಅದೇ ಸಂಜೆಯಿಂದ ಗಂಟೆಗೊಮ್ಮೆ ಮಡಚಿ ಚಾಚಿ, ಇಲ್ಲದಿದ್ದರೆ ಒಳಗೆ ಅಂಟಿಕೊಳ್ಳುತ್ತದೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಅಲ್ಲಿಯವರೆಗೆ ಒದ್ದೆಯಾಗಬಾರದು. ಬರೆಯುವುದು, ಊಟ ಮಾಡುವುದಕ್ಕೆ ಕೆಲವೇ ದಿನ ಸಾಕು. ಕೊಟ್ಟಿಗೆ, ಸಗಣಿ, ಒದ್ದೆ ಮಣ್ಣು, ಕತ್ತರಿ, ಕಳೆ ಮೆಷಿನ್‌ಗೆ ನಾಲ್ಕರಿಂದ ಆರು ವಾರ ಬೇಕು. ಜೂನ್, ಜುಲೈ ಜಡಿಮಳೆಯಲ್ಲಿ ತೋಟದವರಿಗೆ ಕೈ ಒಣಗಿಸಿಡುವುದೇ ಸಾಹಸ. ಕಾಯುವಷ್ಟು ಬೆರಳು ಚೆನ್ನಾಗಿದ್ದರೆ ಏಪ್ರಿಲ್–ಮೇ ಅಥವಾ ಮಳೆ ಕಡಿಮೆಯಾದ ಅಕ್ಟೋಬರಿನ ಮೊದಲ ಭಾಗ ಅನುಕೂಲ. ಪೂರ್ತಿ ಲಾಕ್ ಆದ ಬೆರಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಹೊಲಿಗೆ ಬಿಚ್ಚಿ ಗಾಯ ಮಾಗಿದ ಮೇಲೆ ಕಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ದಿನಾ ಐದು ನಿಮಿಷ ಒತ್ತಿ ತೀಡಿ. ಎರಡು ಮೂರು ತಿಂಗಳು ಅಂಗೈ ಒತ್ತಿದರೆ ನೋಯುವುದು ಸಹಜ. ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಬೆರಳ ತುದಿಯ ಜೋಮು ಇಳಿಯದಿದ್ದರೆ ಕೊಟ್ಟ ದಿನಕ್ಕೆ ಕಾಯದೆ ಹೋಗಿ ತೋರಿಸಿ.

ಮಗುವಿನ ಹೆಬ್ಬೆರಳು ಮಡಚಿಯೇ ಇದ್ದರೆ

ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಹೆಬ್ಬೆರಳ ತುದಿಗೆಣ್ಣು ಬಾಗಿಯೇ ನಿಂತಿರುವುದನ್ನು ತಾಯಂದಿರು ಒಂದು ದಿನ ಗಮನಿಸುತ್ತಾರೆ. ಎಲ್ಲೋ ಬಿದ್ದು ಉಳುಕಿರಬೇಕು ಎಂದು ಎಣ್ಣೆ ನೀವುವವರಲ್ಲಿಗೆ ಎತ್ತಿಕೊಂಡು ಹೋಗುವುದು ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ಮಗುವಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಬುಡದಲ್ಲಿ ಸಣ್ಣ ಗಂಟು ಕೈಗೆ ಸಿಗುತ್ತದೆ. ದೊಡ್ಡವರ ಹಾಗೆ ಇವರಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವ ಪದ್ಧತಿ ಇಲ್ಲ. ಬಹಳ ಮಕ್ಕಳಲ್ಲಿ ಕಾಲಕ್ರಮದಲ್ಲಿ ತಾನೇ ಸರಿಹೋಗುತ್ತದೆ, ಹೋಗದಿದ್ದರೆ ಚಿಕ್ಕ ಶಸ್ತ್ರಚಿಕಿತ್ಸೆ. ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ತಿಂಗಳಿಗೊಮ್ಮೆ ಮತ್ತೆ ಕರೆದುಕೊಂಡು ಹೋಗಿ. ಬಲವಂತವಾಗಿ ನೇರ ಮಾಡಲು ಯಾರಿಗೂ ಬಿಡಬೇಡಿ, ಅಜ್ಜಿಗೂ ಸಹ.